ಎಲೆ ಮುದುರಿತು ಅಂತ ಔಷಧಿ ಹೊಡೆಯೋ ಮುಂಚೆ

ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗೋರಿಗೆ ಕೆಂಗಲ್ ಸಿಗೋದೇ ಇಲ್ಲ. ಹಳೇ ರಸ್ತೆ ಹಿಡಿದರೆ ರಾಮನಗರ ದಾಟಿ ಚನ್ನಪಟ್ಟಣ ಸೇರೋ ಮುಂಚೆ ಆಂಜನೇಯಸ್ವಾಮಿ ದೇವಸ್ಥಾನ ಕಾಣುತ್ತೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನ ಮುಂದಿರೋ ಕೆಂಗಲ್ ಇದೇ. ಸಂಕ್ರಾಂತಿ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಸೇರುತ್ತೆ. ಎತ್ತು ಕೊಳ್ಳೋಕೆ ಬಂದವರು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಆಮೇಲೇ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ.

ಗಿಡದ ವಿಷಯಕ್ಕೆ ಬಂದರೆ ಈ ತಾಳ್ಮೆ ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಎಲೆ ಮುದುರಿದರೂ ರೋಗ, ಹಳದಿಯಾದರೂ ರೋಗ, ಕಪ್ಪಾದರೂ ರೋಗ. ರೋಗ ಅಂದಮೇಲೆ ಔಷಧಿ. ಔಷಧಿ ಅಂದಮೇಲೆ ಅಂಗಡಿ. ಅಂಗಡಿಯವರು ಕೊಟ್ಟಿದ್ದು ಪಂಪಿಗೆ. ಇದರಲ್ಲಿ ರೈತರದ್ದೇ ತಪ್ಪು ಅಂತ ನಾನು ಹೇಳಲ್ಲ. ಬೆಳೆ ಕಣ್ಣೆದುರೇ ಹಾಳಾಗ್ತಾ ಇರುವಾಗ ಕೈ ಕಟ್ಟಿ ಕೂರೋದು ಯಾರಿಗೂ ಆಗಲ್ಲ. ಆದರೆ ಸಸ್ಯರೋಗ ಶಾಸ್ತ್ರ ಅಂತ ಒಂದು ವಿಜ್ಞಾನ ಇದೆ. ಸುಮಾರು 250 ವರ್ಷಗಳಿಂದ ಅದು ಪಟ್ಟು ಹಿಡಿದು ಕೇಳ್ತಾ ಇರೋ ಮೊದಲ ಪ್ರಶ್ನೆ "ಏನು ಹೊಡೆಯೋದು?" ಅಂತಲ್ಲ, "ಇದನ್ನ ಮಾಡಿದ್ದು ಯಾರು?" ಅಂತ.

ಸಾಫ್ಟ್‌ವೇರ್ ಕೆಲಸ ಮಾಡೋ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಸರ್ವರ್ ಬಿದ್ದಾಗ ಕಾರಣ ಹುಡುಕದೆ ರೀಸ್ಟಾರ್ಟ್ ಮಾಡಿದರೆ ರಾತ್ರಿ ಮತ್ತೆ ಫೋನ್ ಬರುತ್ತೆ. ತೋಟದಲ್ಲಿ ವ್ಯತ್ಯಾಸ ಏನಂದ್ರೆ, ರೀಸ್ಟಾರ್ಟ್ ಬಟನ್ನೇ ಇಲ್ಲ.

ತುಕ್ರಾ ಅನ್ನೋ ರೋಗವಲ್ಲದ ರೋಗ

ಕೆಂಗಲ್‌ನಿಂದ ಒಳಗೆ ಹೋಗೋ ದಾರಿಯಲ್ಲಿ ನಮ್ಮದೂ ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ಹೋದ ಬೇಸಿಗೆಯಲ್ಲಿ ಅಮ್ಮ ವಿಡಿಯೋ ಕಾಲ್ ಮಾಡಿದ್ರು. "ಮಗ, ಕುಡಿ ಎಲ್ಲಾ ಮುದುರ್ಕೊಂಡು ಗಂಟ್ ಗಂಟಾಗವೆ ಕಣೋ. ಹುಳ ಮೂರನೇ ಜ್ವರದಲ್ ಅವೆ."

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ಪೊರೆ ಬಿಡೋ ಮುಂಚೆ ತಿನ್ನೋದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಇಂಥ ಜ್ವರ ನಾಲ್ಕು. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ಹುಳ ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ತಿಂದು ಮುಗಿಸುತ್ತೆ. ಅಂದ್ರೆ ಇನ್ನೊಂದು ವಾರಕ್ಕೆ ನಮ್ಮ ಮನೆಗೆ ಗಾಡಿಗಟ್ಟಲೆ ಒಳ್ಳೇ ಸೊಪ್ಪು ಬೇಕಿತ್ತು. ಆ ಸೊಪ್ಪಿನ ಮೇಲೆ ಯಾವ ಕೀಟನಾಶಕದ ಸುಳಿವೂ ಇರಬಾರದು. ರೇಷ್ಮೆ ಹುಳವೂ ಕೀಟವೇ ತಾನೆ? ಪಕ್ಕದ ತೋಟದಿಂದ ಗಾಳಿಯಲ್ಲಿ ತೇಲಿ ಬಂದ ಔಷಧಿಗೇ ಮನೆಗಟ್ಟಲೆ ಹುಳ ಸಾಯೋದುಂಟು.

ಅಷ್ಟರಲ್ಲಿ ಸಲಹೆಗಳು ಬಂದಾಗಿತ್ತು. ಅಂಗಡಿಯಲ್ಲಿ ಒಬ್ಬರು "ಇದು ಶಿಲೀಂಧ್ರ" ಅಂತ ಡಬ್ಬಿ ಎತ್ತಿಟ್ಟಿದ್ರು. ಚಿಕ್ಕಪ್ಪ, ಮೆಣಸಿನ ಗಿಡದಲ್ಲಿ ನೋಡಿದ ನೆನಪಲ್ಲಿ, "ಮುಟುರು ರೋಗ, ವೈರಸ್ಸು, ಗಿಡಾನೇ ಕಿತ್ತಾಕಿ" ಅಂದ್ರು. ಇನ್ನೊಬ್ಬರಿಗೆ ಅದು ಸತುವಿನ ಕೊರತೆ. ನಾನು ಅಮ್ಮನಿಗೆ ಕೇಳಿದ್ದು ಒಂದೇ: ಎಲೆ ಬಿಡಿಸಿ, ತಿರುವಿ ತೋರ್ಸಮ್ಮ. ತಿರುವಿದ್ರು. ಮಡಿಕೆಯ ಒಳಗೆ ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ ಹಿಟ್ಟು. ಅದನ್ನ ಉಗುರಲ್ಲಿ ಕೆರೆದರೆ ಒಳಗೆ ನಸುಗೆಂಪು ಬಣ್ಣದ ಸಣ್ಣ ಸಣ್ಣ ಜೀವಗಳು. "ಅಯ್ಯೋ, ತುಕ್ರಾ ಅಲ್ವೇನೋ ಇದು" ಅಂತ ಅಮ್ಮನೇ ಅಂದ್ರು.

ತುಕ್ರಾ ರೋಗ ಅಂತ ಎಲ್ಲರೂ ಕರೀತಾರೆ, ಕರಪತ್ರಗಳಲ್ಲೂ ಹಾಗೇ ಇರುತ್ತೆ. ನೋಡೋಕೆ ವೈರಸ್ ರೋಗದ ಹಾಗೇ ಇರುತ್ತೆ, ಆದರೆ ಅಲ್ಲಿ ವೈರಸ್ಸೂ ಇಲ್ಲ, ಶಿಲೀಂಧ್ರವೂ ಇಲ್ಲ. ಗುಲಾಬಿ ಹಿಟ್ಟು ತಿಗಣೆ ಕುಡಿಯಲ್ಲಿ ಕೂತು ರಸ ಹೀರುವಾಗ ಅದರ ಜೊಲ್ಲಿನಲ್ಲಿರೋ ವಿಷ ಗಿಡದೊಳಗೆ ಸೇರುತ್ತೆ. ಅದಕ್ಕೇ ಎಲೆ ಮುದುರಿ, ಗೆಣ್ಣು ಒತ್ತೊತ್ತಾಗಿ ಗಂಟಾಗೋದು. ಶಿಲೀಂಧ್ರನಾಶಕ ಹೊಡೆದಿದ್ದರೆ ತಿಗಣೆಗೆ ಸ್ನಾನ ಮಾಡಿಸಿದ ಹಾಗಾಗ್ತಿತ್ತು ಅಷ್ಟೆ. ಗಿಡ ಕಿತ್ತಿದ್ದರೆ ತೋಟವೇ ಹೋಗ್ತಿತ್ತು. ಮಾಡಿದ್ದು ಇಷ್ಟು: ಮುದುರಿದ ಕುಡಿಗಳನ್ನೆಲ್ಲ ಚಿವುಟಿ, ಗೋಣಿಚೀಲಕ್ಕೆ ತುಂಬಿ, ಹೊಲದಾಚೆ ಸುಟ್ಟಿದ್ದು. ಎರಡು ಆಳು, ಒಂದು ದಿನ. ಉಳಿದ ಸೊಪ್ಪು ಹುಳಕ್ಕೆ ಸಾಕಾಯ್ತು. ಗೂಡು ಯಾವಾಗಿನಂತೆ ರಾಮನಗರದ ಮಾರುಕಟ್ಟೆಗೆ ಹೋಯ್ತು.

ಈ ತಿಗಣೆಯನ್ನು ತಿನ್ನೋಕೆ ಅಂತಲೇ ಒಂದು ಗುಲಗಂಜಿ ಹುಳವನ್ನು ತೋಟಕ್ಕೆ ಬಿಡೋ ಪದ್ಧತಿಯೂ ಇದೆ. ಕ್ರಿಪ್ಟೋಲೀಮಸ್ ಅಂತ ಅದರ ಹೆಸರು, ಆಸ್ಟ್ರೇಲಿಯಾ ಮೂಲದ್ದು, 1898ರಲ್ಲೇ ಭಾರತಕ್ಕೆ ತಂದಿದ್ದು. ತಮಾಷೆ ಅಂದ್ರೆ ಅದರ ಮರಿಹುಳವೂ ಮೈತುಂಬ ಬಿಳಿ ಮೇಣ ಹೊತ್ತು ಥೇಟ್ ಹಿಟ್ಟು ತಿಗಣೆಯ ಹಾಗೇ ಕಾಣುತ್ತೆ, ಗಾತ್ರದಲ್ಲಿ ಸ್ವಲ್ಪ ದೊಡ್ಡದು. ಗೊತ್ತಿಲ್ಲದವರು "ಇದೇನು ತಿಗಣೆ ಇಷ್ಟು ದೊಡ್ಡದಾಗಿದೆ" ಅಂತ ಔಷಧಿ ಹೊಡೆದು, ತಿಗಣೆ ತಿನ್ನೋಕೆ ಬಂದವನನ್ನೇ ಮುಗಿಸಿಬಿಡಬಹುದು.

ಮೂರು ಜನ ಸೇರಿದರೆ ರೋಗ

ಹಾಗಾದ್ರೆ ರೋಗ ಅಂದ್ರೆ ಏನು? ಸಸ್ಯರೋಗ ಶಾಸ್ತ್ರದ ಮೊದಲ ಪಾಠದಲ್ಲಿ ಒಂದು ತ್ರಿಕೋನ ಬರೀತಾರೆ. ಒಂದು ಮೂಲೆಯಲ್ಲಿ ರೋಗಕ್ಕೆ ತುತ್ತಾಗಬಲ್ಲ ಗಿಡ, ಇನ್ನೊಂದರಲ್ಲಿ ರೋಗಕಾರಕ, ಅಂದ್ರೆ ಶಿಲೀಂಧ್ರ, ಬ್ಯಾಕ್ಟೀರಿಯಾ, ವೈರಸ್, ಜಂತುಹುಳ ಇಂಥದ್ದು. ಮೂರನೇ ಮೂಲೆಯಲ್ಲಿ ವಾತಾವರಣ. ಮೂರೂ ಕೂಡಿಬಂದರೆ ಮಾತ್ರ ರೋಗ. ಹಿಪ್ಪುನೇರಳೆಯ ಎಲೆ ಚುಕ್ಕೆ ರೋಗ ಮಳೆಗಾಲದಲ್ಲಿ ಜೋರು. ಎಲೆಯ ಕೆಳಭಾಗದಲ್ಲಿ ಬಿಳಿ ಪುಡಿಯಾಗಿ ಹರಡೋ ಬೂದಿ ರೋಗ ಚಳಿ ಶುರುವಾದಾಗ ಬರುತ್ತೆ. ಎರಡರ ಬೀಜಕಣವೂ ವರ್ಷವಿಡೀ ಎಲ್ಲೋ ಒಂದು ಕಡೆ ಕಾಯ್ತಾ ಇರುತ್ತೆ, ಹವೆ ಸರಿಹೊಂದೋ ದಿನಕ್ಕೆ.

ಈ ತ್ರಿಕೋನದಿಂದ ಒಂದು ಲಾಭ ಇದೆ. ಮೂರರಲ್ಲಿ ಯಾವುದಾದರೂ ಒಂದನ್ನ ತಪ್ಪಿಸಿದರೂ ರೋಗ ನಿಲ್ಲುತ್ತೆ. ಕಾರಕವನ್ನೇ ಕೊಲ್ಲಬೇಕು ಅಂತೇನಿಲ್ಲ.

ಇನ್ನೊಂದು ತೊಡಕೂ ಇದೆ. ಗಿಡದ ಮೇಲೆ ಶಿಲೀಂಧ್ರ ಕಂಡಿತು ಅಂದಾಕ್ಷಣ ಅದೇ ಅಪರಾಧಿ ಅಂತಲ್ಲ. ನಮ್ಮ ಕಡೆಯ ಮಾವಿನ ತೋಪಿನಲ್ಲಿ ಹೂ ಬಿಡೋ ಕಾಲಕ್ಕೆ ಎಲೆಗಳಿಗೆ ಮಸಿ ಬಳಿದ ಹಾಗೆ ಕಪ್ಪಾಗುತ್ತೆ. ತೆಂಗಿನ ಗರಿಯಲ್ಲೂ ಈಚಿನ ವರ್ಷಗಳಲ್ಲಿ ಹಾಗೇ ಕಾಣ್ತಾ ಇದೆ. ಆ ಮಸಿ ನಿಜಕ್ಕೂ ಶಿಲೀಂಧ್ರವೇ. ಆದರೆ ಅದು ಎಲೆಯನ್ನ ತಿನ್ನಲ್ಲ. ಮಾವಿನಲ್ಲಿ ಜಿಗಿಹುಳು, ತೆಂಗಿನಲ್ಲಿ ಸುರುಳಿಯಾಕಾರದ ಬಿಳಿನೊಣ ರಸ ಹೀರಿ ಸುರಿಸೋ ಸಿಹಿ ಅಂಟಿನ ಮೇಲೆ ಅದು ಬೆಳೆಯುತ್ತೆ. ಮಸಿ ಕಂಡು ಶಿಲೀಂಧ್ರಕ್ಕೆ ಔಷಧಿ ಹೊಡೆಯೋದು ಅಂದ್ರೆ ಕಳ್ಳ ಹೋದಮೇಲೆ ಅವನ ಹೆಜ್ಜೆ ಗುರುತು ಒರೆಸಿದ ಹಾಗೆ.

ಕಾರಣ ಯಾವುದು, ಪರಿಣಾಮ ಯಾವುದು? ಇಡೀ ಶಾಸ್ತ್ರದ ಚರಿತ್ರೆ ಈ ಒಂದು ಗೊಂದಲದ ಸುತ್ತಲೇ ಓಡಿದೆ.

ದೇವರ ಕೋಪದಿಂದ ಬೀಜಕಣದವರೆಗೆ

ಹಳೇ ಕಾಲದವರು ಗಿಡದ ರೋಗವನ್ನು ಗಮನಿಸಿರಲಿಲ್ಲ ಅಂತಲ್ಲ. ರೋಮನ್ನರು ಗೋಧಿಯ ತುಕ್ಕು ರೋಗಕ್ಕೆ ರೊಬಿಗಸ್ ಅಂತ ಒಂದು ದೇವರನ್ನೇ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಹಬ್ಬ ಮಾಡ್ತಿದ್ರು. ನಮ್ಮಲ್ಲಿ ಸುರಪಾಲನ ವೃಕ್ಷಾಯುರ್ವೇದ ಮರಗಳಿಗೂ ವಾತ, ಪಿತ್ತ, ಕಫ ಇದೆ ಅಂತ ಹೇಳಿ ಅದರ ಪ್ರಕಾರ ರೋಗ ವಿಂಗಡಿಸಿತು. ಕನ್ನಡದಲ್ಲೇ, 1025ರ ಹೊತ್ತಿಗೆ, ಚಾಲುಕ್ಯರ ಆಸ್ಥಾನದ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆ, ಸುಗಂಧ, ನೀರು ಹುಡುಕೋದು ಇವುಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ ಇದೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಗಿಡದ ಆರೈಕೆ ಬಗ್ಗೆ ಓದಬಹುದಿತ್ತು ಅನ್ನೋದು ನನಗಂತೂ ಖುಷಿಯ ಸಂಗತಿ. ಇವರೆಲ್ಲ ಲಕ್ಷಣಗಳನ್ನ ಸೂಕ್ಷ್ಮವಾಗಿ ನೋಡಿದ್ರು, ಆದರೆ ಕಣ್ಣಿಗೆ ಕಾಣದ ಕಾರಕವನ್ನ ನೋಡೋ ದಾರಿ ಅವರಿಗಿರಲಿಲ್ಲ.

ಫ್ರಾನ್ಸಿನ ಟಿಲೆ ಅನ್ನೋರು 1755ರಲ್ಲಿ ಗೋಧಿಯ ಕಾಡಿಗೆ ರೋಗದ ಕಪ್ಪು ಪುಡಿಯನ್ನು ಒಳ್ಳೇ ಬೀಜಕ್ಕೆ ಸವರಿ ಬಿತ್ತಿದ್ರು. ಪುಡಿ ಸವರಿದ ಸಾಲಲ್ಲಿ ರೋಗ ಹೆಚ್ಚು, ಸವರದ ಸಾಲಲ್ಲಿ ಕಡಿಮೆ. ಅಂಟುರೋಗ ಅಂತ ಗೊತ್ತಾಯ್ತು, ಆದರೆ ಆ ಪುಡಿಗೆ ಜೀವ ಇದೆ ಅಂತ ಅವರು ಅಂದುಕೊಳ್ಳಲಿಲ್ಲ. 1807ರಲ್ಲಿ ಪ್ರೆವೋ ಅದೇ ಪುಡಿ ಮೊಳಕೆಯೊಡೆಯೋದನ್ನ ಸೂಕ್ಷ್ಮದರ್ಶಕದಲ್ಲಿ ಕಂಡ್ರು. ಇದು ರೋಗದ ಪರಿಣಾಮವಲ್ಲ, ಇದೇ ಕಾರಣ ಅಂದ್ರು. ತಾಮ್ರದ ಲವಣ ಅದನ್ನ ತಡೆಯುತ್ತೆ ಅಂತಲೂ ತೋರಿಸಿದ್ರು. ಯಾರೂ ಕಿವಿಗೊಡಲಿಲ್ಲ. ಆಗಿನ ದೊಡ್ಡವರ ಪ್ರಕಾರ ರೋಗದಿಂದ ಶಿಲೀಂಧ್ರ ಹುಟ್ಟುತ್ತೇ ಹೊರತು ಶಿಲೀಂಧ್ರದಿಂದ ರೋಗ ಅಲ್ಲ.

ಆ ಕಿವುಡಿಗೆ ಬೆಲೆ ತೆತ್ತಿದ್ದು ಐರ್ಲೆಂಡ್. 1845ರಲ್ಲಿ ಅಲ್ಲಿನ ಆಲೂಗಡ್ಡೆ ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತು ನಾರತೊಡಗಿದವು. ಬಡವರ ಊಟವೇ ಆಲೂಗಡ್ಡೆ. ಬಹುಪಾಲು ಒಂದೇ ತಳಿ, ಅದೂ ಗೆಡ್ಡೆ ಕತ್ತರಿಸಿ ನೆಟ್ಟಿದ್ದು, ಅಂದ್ರೆ ಎಲ್ಲ ಗಿಡವೂ ಒಂದೇ ಗಿಡದ ನಕಲು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ವಿದ್ವಾಂಸರು ಮಾತ್ರ ಇನ್ನೂ ಜಗಳದಲ್ಲಿದ್ದರು. ಮಳೆ ಹೆಚ್ಚಾಗಿ ಗಿಡ ನೀರು ಕುಡಿದು ಕೊಳೆಯಿತು ಅಂತ ಲಿಂಡ್ಲೆ, ಅಲ್ಲ, ಶಿಲೀಂಧ್ರವೇ ಕಾರಣ ಅಂತ ಬರ್ಕ್ಲಿ ಪಾದ್ರಿ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಆ ಶಿಲೀಂಧ್ರವನ್ನ ಆರೋಗ್ಯವಂತ ಗಿಡಕ್ಕೆ ಹಾಕಿ ರೋಗ ಬರಿಸಿ ತೋರಿಸಿದ ಮೇಲೇ ಜಗಳ ಮುಗಿದಿದ್ದು. ಡಿ ಬಾರಿಯನ್ನ ಈ ಶಾಸ್ತ್ರದ ಪಿತಾಮಹ ಅಂತಾರೆ.

ರೇಷ್ಮೆ ಸೀಮೆಯವರಾದ ನಾವು ಇಲ್ಲಿ ಒಂದು ಹಕ್ಕು ಸಾಧಿಸಬಹುದು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತೆ ಅಂತ ಮೊದಲು ಸಾಬೀತಾಗಿದ್ದು ಮನುಷ್ಯನಲ್ಲೂ ಅಲ್ಲ, ದನದಲ್ಲೂ ಅಲ್ಲ, ರೇಷ್ಮೆ ಹುಳದಲ್ಲಿ. ಹುಳ ಸತ್ತು ಸೀಮೆಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತಲ್ಲ, ನಮ್ಮವರು ಸುಣ್ಣಕಟ್ಟು ರೋಗ ಅನ್ನೋದು, ಅದಕ್ಕೆ ಶಿಲೀಂಧ್ರ ಕಾರಣ ಅಂತ ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ತೋರಿಸಿದ್ರು. ಮೂವತ್ತು ವರ್ಷದ ನಂತರ ಲೂಯಿ ಪಾಶ್ಚರ್ ರೇಷ್ಮೆ ಹುಳದ ಗಂಟು ರೋಗದ ಹಿಂದೆ ಬಿದ್ದು ಚಿಟ್ಟೆಯನ್ನ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆ ಆರಿಸೋ ವಿಧಾನ ಕೊಟ್ಟರು. ಇವತ್ತೂ ನಮ್ಮ ಮನೆಗೆ ಬರೋ "ನೂರು ಮೊಟ್ಟೆ" ಅದೇ ಪರೀಕ್ಷೆ ದಾಟಿ ಬಂದಿರುತ್ತೆ.

ಆಮೇಲೆ ಬಂದಿದ್ದು ರಾಬರ್ಟ್ ಕಾಖ್ ಅವರ ನಿಯಮ. ರೋಗ ಇರೋ ಕಡೆಯೆಲ್ಲ ಆ ಜೀವಿ ಇರಬೇಕು. ಅದನ್ನ ಬೇರ್ಪಡಿಸಿ ಒಂಟಿಯಾಗಿ ಬೆಳೆಸಲು ಬರಬೇಕು. ಬೆಳೆಸಿದ್ದನ್ನ ಆರೋಗ್ಯವಂತ ಗಿಡಕ್ಕೆ ಹಾಕಿದರೆ ಅದೇ ರೋಗ ಬರಬೇಕು. ಅಲ್ಲಿಂದ ಮತ್ತೆ ಅದೇ ಜೀವಿ ಸಿಗಬೇಕು. ಬಗ್ ರಿಪೋರ್ಟ್‌ನಲ್ಲಿ ನಾವು ಕೇಳೋದೂ ಇದನ್ನೇ: ಮತ್ತೆ ಮಾಡಿ ತೋರಿಸು, ಆಮೇಲೆ ನಂಬ್ತೀನಿ.

ಅಡಿಕೆಗೆ ಕಟ್ಟಿದ ಕೊಟ್ಟೆ

ಈಗ ನಮ್ಮ ರಾಜ್ಯದ ಕಥೆಗೆ ಬರೋಣ. ಕೊಳೆರೋಗ ಅನ್ನೋ ಅಚ್ಚಕನ್ನಡ ಪದ ಲ್ಯಾಟಿನ್ ಆಗಿಹೋಗಿರೋದು ಎಷ್ಟು ಜನಕ್ಕೆ ಗೊತ್ತು? 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಮೈಸೂರು ಸೀಮೆಯ ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ ಹೆಸರಿಡುವಾಗ ರೈತರು ಕರೆಯೋ ಪದವನ್ನೇ ಎತ್ತಿಕೊಂಡು "ಪೆಲ್ಲಿಕ್ಯುಲೇರಿಯಾ ಕೊಲೆರೋಗ" ಅಂತ ಇಟ್ಟರು. 1958ರಲ್ಲಿ ಆ ಪದವೇ ಒಂದು ಕುಲದ ಹೆಸರಾಯ್ತು. ಳಕಾರ ಒಂದು ಕಳೆದುಹೋಗಿದೆ, ಹೋಗಲಿ.

ಅಡಿಕೆಯ ಕೊಳೆರೋಗ ಬೇರೆ. ಮಲೆನಾಡಲ್ಲಿ ಮಳೆ ಹಿಡಿದರೆ ಎಳೇ ಕಾಯಿಗಳು ಕೊಳೆತು ಉದುರುತ್ತೆ, ಗೊನೆಗೆ ಗೊನೆಯೇ ಖಾಲಿ. ಇದರ ಕಾರಕ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ್ದರ ದಾಯಾದಿ, ಅದೇ ಫೈಟಾಫ್ತೊರ ಕುಲ. ಮಲೆನಾಡಿನ ರೈತರಿಗೆ ಫೈಟಾಫ್ತೊರ ಗೊತ್ತಿರಲಿಲ್ಲ, ಆದರೆ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟೋದು ಗೊತ್ತಿತ್ತು. ಮೇಲೊಂದು ಹೊದಿಕೆ, ನೀರು ಕಾಯಿಗೆ ತಾಕದ ಹಾಗೆ. ಕಾಯಿ ಒದ್ದೆಯಾಗದಿದ್ದರೆ ಬೀಜಕಣ ಮೊಳೆಯಲ್ಲ. ತ್ರಿಕೋನದ ಮೂರನೇ ಮೂಲೆಯನ್ನ ಅವರು ತ್ರಿಕೋನ ಬರೆಯೋ ಮೊದಲೇ ಕತ್ತರಿಸಿದ್ದರು. ತೊಂದರೆ ಏನಂದ್ರೆ ಒಂದೊಂದು ಗೊನೆಗೂ ಒಂದೊಂದು ಕೊಟ್ಟೆ ಬೇಕು. ತೋಟ ದೊಡ್ಡದಾದರೆ ಆಳಿನ ಖರ್ಚು ತಡೆಯಲ್ಲ.

1908ರಲ್ಲಿ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ಯುವ ವಿಜ್ಞಾನಿ ಮೈಸೂರು ಸಂಸ್ಥಾನದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದ್ರು. ಆಗ ಅವರಿಗೆ ಹೆಚ್ಚುಕಡಿಮೆ ಈ ಲೇಖನ ಓದ್ತಾ ಇರೋ ನಿಮ್ಮದೇ ವಯಸ್ಸು, ಮೂವತ್ತು. ಅಡಿಕೆ ಕೊಳೆರೋಗದ ಕಾರಕವನ್ನ ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದ್ರು. ಮದ್ದಾಗಿ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದ್ರು.

ಈ ದ್ರಾವಣ ಹುಟ್ಟಿದ ಕಥೆಯೂ ಚೆನ್ನಾಗಿದೆ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಬಳಿ ಮಿಲಾರ್ಡೆ ಅನ್ನೋ ಪ್ರಾಧ್ಯಾಪಕರು ದ್ರಾಕ್ಷಿ ತೋಟಗಳ ಪಕ್ಕ ಹೋಗ್ತಾ ಇದ್ದಾಗ, ಎಲ್ಲ ಬಳ್ಳಿಗೂ ಬೂಜು ರೋಗ ಬಂದು ಎಲೆ ಉದುರಿದ್ದರೂ ರಸ್ತೆಯಂಚಿನ ಸಾಲು ಮಾತ್ರ ಹಸಿರಾಗಿತ್ತಂತೆ. ಆ ಎಲೆಗಳ ಮೇಲೆ ನೀಲಿ ಬಿಳಿ ಕಲೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ, ವಿಷ ಅಂತ ಹೆದರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರು! ಮಿಲಾರ್ಡೆ ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ್ರು. ಕಳ್ಳರಿಗೆ ಮಾಡಿದ ಉಪಾಯ ಜಗತ್ತಿನ ಮೊದಲ ದೊಡ್ಡ ಶಿಲೀಂಧ್ರನಾಶಕ ಆಯ್ತು.

ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಸರಿಯಾಗಿದೆಯಾ ನೋಡೋಕೆ ಹೊಳೆಯೋ ಕಬ್ಬಿಣದ ಚಾಕು ಅದ್ದುತ್ತಾರೆ. ಕೆಂಪಗೆ ತಾಮ್ರ ಹತ್ತಿಕೊಂಡರೆ ಸುಣ್ಣ ಸಾಲದು ಅಂತ ಅರ್ಥ. ಮುಖ್ಯವಾದ ವಿಷಯ: ಇದು ಬಂದ ರೋಗವನ್ನ ವಾಸಿ ಮಾಡಲ್ಲ, ಬರೋದನ್ನ ತಡೆಯುತ್ತೆ. ಅದಕ್ಕೇ ಮಲೆನಾಡಿನವರು ಮಳೆ ಜೋರಾಗೋ ಮುಂಚೆ ಹೊಡೆದು ಮುಗಿಸೋಕೆ ಒದ್ದಾಡೋದು.

ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಎರಡರ ಹಿಂದೆಯೂ ಅವರ ಹೆಸರಿದೆ. ಆದರೆ ಅವರನ್ನೂ ಸತಾಯಿಸಿದ ಒಂದು ರೋಗ ಇತ್ತು. ಶ್ರೀಗಂಧದ ಸ್ಪೈಕ್ ರೋಗ.

70 ವರ್ಷದ ತನಿಖೆ

1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ್ದು. ಗಂಧದ ಮರದ ಎಲೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ, ನೆಟ್ಟಗೆ ನಿಂತ ಮುಳ್ಳಿನ ಕಡ್ಡಿಯ ಹಾಗಾಗುತ್ತೆ. ಹೂವಿಲ್ಲ, ಕಾಯಿಲ್ಲ. ಎರಡು ಮೂರು ವರ್ಷಕ್ಕೆ ಮರ ಸಾಯುತ್ತೆ. ಗಂಧ ಅಂದ್ರೆ ಮೈಸೂರಿನ ಬೊಕ್ಕಸ. ಸರ್ಕಾರಕ್ಕೆ ನಿದ್ದೆ ಬರಲಿಲ್ಲ.

ಕಾರಣ ಹುಡುಕೋಕೆ ಹೊರಟವರಿಗೆ ಏನೂ ಸಿಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇಲ್ಲ, ಬ್ಯಾಕ್ಟೀರಿಯಾ ಇಲ್ಲ. ಕಾಖ್ ನಿಯಮದ ಎರಡನೇ ಮೆಟ್ಟಿಲಲ್ಲೇ ಜಾರಿದರು, ಬೇರ್ಪಡಿಸಿ ಬೆಳೆಸೋಕೆ ಏನೂ ಇಲ್ಲವಲ್ಲ. ಕೋಲ್ಮನ್ ಬೇರೆ ದಾರಿ ಹಿಡಿದ್ರು. ರೋಗದ ಮರದ ಕಡ್ಡಿಯನ್ನ ಒಳ್ಳೇ ಮರಕ್ಕೆ ಕಸಿ ಮಾಡಿದ್ರು. ಒಳ್ಳೇ ಮರಕ್ಕೂ ರೋಗ ಬಂತು. 1917ರ ಅವರ ವರದಿ ಹೇಳಿದ್ದು ಇದು ಅಂಟುರೋಗವೇ ಅಂತ, ಅಂಟಿಸುವವನ ಮುಖ ಮಾತ್ರ ಕಂಡಿಲ್ಲ. ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನವರೂ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಅಷ್ಟು ಹೊತ್ತಿಗೆ ತಂಬಾಕಿನ ಮೇಲೆ ಕೆಲಸ ಮಾಡಿದ ಐವನೋವ್‌ಸ್ಕಿ ಮತ್ತು ಬೈಯರಿಂಕ್ ಬ್ಯಾಕ್ಟೀರಿಯಾವನ್ನೂ ತಡೆಯೋ ಸೋಸುಕದಲ್ಲಿ ನುಸುಳಿ ಹೋಗೋ ಕಾರಕ ಇದೆ ಅಂತ ತೋರಿಸಿದ್ದರು. ಅದನ್ನೇ ವೈರಸ್ ಅಂದಿದ್ದು. ಹಾಗಾದ್ರೆ ಇದೂ ವೈರಸ್ಸೇ ಅಂತ ಎಲ್ಲರೂ ಒಪ್ಪಿಕೊಂಡರು. ಪಠ್ಯಪುಸ್ತಕದಲ್ಲೂ ಹಾಗೇ ಬಂತು.

ಉತ್ತರ ಸಿಕ್ಕಿದ್ದು ಜಪಾನಿನಲ್ಲಿ, ಅದೂ ಹಿಪ್ಪುನೇರಳೆಯಲ್ಲಿ! ಅಲ್ಲಿನ ರೇಷ್ಮೆ ತೋಟಗಳಲ್ಲಿ ಗಿಡ ಕುಬ್ಜವಾಗೋ ಒಂದು ರೋಗ ಇತ್ತು, ಅದನ್ನೂ ವೈರಸ್ ಅಂತಲೇ ನಂಬಿದ್ದರು. 1967ರಲ್ಲಿ ದೋಯಿ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಿಡದ ಆಹಾರ ಸಾಗಿಸೋ ನಾಳದಲ್ಲಿ ಕಂಡಿದ್ದು ಕೋಶಗೋಡೆ ಇಲ್ಲದ, ಬ್ಯಾಕ್ಟೀರಿಯಾ ಜಾತಿಯ ಪುಟ್ಟ ಜೀವಿಗಳು. ಈಗ ಅವನ್ನ ಫೈಟೋಪ್ಲಾಸ್ಮಾ ಅಂತಾರೆ. ಎರಡೇ ವರ್ಷದಲ್ಲಿ, 1969ರಲ್ಲಿ, ಸ್ಪೈಕ್ ಬಂದ ಗಂಧದ ಮರದಲ್ಲೂ ಅದೇ ಕಂಡಿತು. 1899ರಿಂದ 1969. ಎಪ್ಪತ್ತು ವರ್ಷ.

ಹೆಸರು ಸಿಕ್ಕಿತು ಅಂತ ಮದ್ದು ಸಿಕ್ಕಿತು ಅಂತಲ್ಲ. ಸ್ಪೈಕ್‌ಗೆ ಇವತ್ತಿಗೂ ಪಕ್ಕಾ ಚಿಕಿತ್ಸೆ ಇಲ್ಲ, ರೋಗದ ಮರ ಕಡಿದು ತೆಗೆಯೋದೇ ದಾರಿ. ನಡೆದಿದ್ದು ಏನಂದ್ರೆ, ಶಿಲೀಂಧ್ರಕ್ಕೆ ಮದ್ದು ಸುರಿಯೋ ಖರ್ಚು ತಪ್ಪಿತು, ನೆಡೋ ಸಸಿ ರೋಗವಿಲ್ಲದ್ದಾಗಿರಬೇಕು ಅನ್ನೋ ಎಚ್ಚರ ಬಂತು.

ರಾಗಿಗೆ ಯಾರೂ ಔಷಧಿ ಹೊಡೆಯಲ್ಲ

ಮಾಗಡಿ, ಕನಕಪುರ ಕಡೆ ಹೋದರೆ ಮಳೆ ನಂಬಿದ ರಾಗಿ ಹೊಲ. ರಾಗಿಗೆ ಬರೋ ದೊಡ್ಡ ಕಾಯಿಲೆ ಬೆಂಕಿ ರೋಗ. ಎಲೆ ಮೇಲೆ ಕದಿರಿನಾಕಾರದ ಚುಕ್ಕೆ, ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳು. ರಾಗಿಯ ಬೆಲೆಗೆ ಔಷಧಿ ಹೊಡೆಯೋದು ಲೆಕ್ಕಕ್ಕೆ ಬರಲ್ಲ. ಮಳೆ ಮೋಡ ನಮ್ಮ ಕೈಲಿಲ್ಲ. ಉಳಿದಿದ್ದು ಮೊದಲನೇ ಮೂಲೆ, ಗಿಡವೇ.

ಅಲ್ಲಿ ಕೈ ಹಾಕಿದವರು ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಯನ್ನ ಆಫ್ರಿಕಾದ ರಾಗಿ ಜೊತೆ ಸೇರಿಸಿ ತಳಿ ಮೇಲೆ ತಳಿ ತೆಗೆದರು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್" ಸೇರಿ ಇಂಡಾಫ್. ರಾಗಿ ಮೂಲತಃ ಪೂರ್ವ ಆಫ್ರಿಕಾದ ಬೆಳೆ, ಬೆಂಕಿ ರೋಗವನ್ನ ಎದುರಿಸೋ ಗುಣವೂ ಅಲ್ಲಿನ ತಳಿಗಳಲ್ಲಿ ಹುಡುಕಿದರೆ ಸಿಗುತ್ತೆ. ಇಂಡಾಫ್‌ಗಳಿಂದ ಇಳುವರಿ ಏರಿತು. ಆದರೆ ಇಂಡಾಫ್ 5ರಂಥ ಕೆಲವಕ್ಕೆ ಬೆಂಕಿ ರೋಗ ತಟ್ಟುತ್ತಲೇ ಇತ್ತು. ಅದೇ ಇಂಡಾಫ್ 5ನ್ನು ರೋಗ ತಡೆಯೋ ಇನ್ನೊಂದು ತಳಿಗೆ ಸೇರಿಸಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಕೊಟ್ಟಿದ್ದು ಜಿಪಿಯು 28. ಬೆಂಗಳೂರಲ್ಲಿ ಕೂತು ನೀವು ತಿನ್ನೋ ಮುದ್ದೆಯಲ್ಲಿ ಅದರ ಪಾಲು ಇರೋ ಸಾಧ್ಯತೆ ಬಹಳ.

ನನಗೆ ಸ್ವಲ್ಪ ಭಯ ಇರೋದು ಹಿಪ್ಪುನೇರಳೆ ಬಗ್ಗೆ. ಒಂದು ಕಾಲಕ್ಕೆ ನಮ್ಮ ತಾಲ್ಲೂಕಿನ ಕಣ್ವದ ಹೆಸರು ಹೊತ್ತ ಕಣ್ವ 2 ತಳಿ, ಎಂ 5 ಅಂತಲೂ ಕರೀತಾರೆ, ರಾಜ್ಯವಿಡೀ ಹರಡಿತ್ತು. ಈಗ ನೀರಾವರಿ ತೋಟಗಳಲ್ಲಿ ನೋಡಿದಲ್ಲೆಲ್ಲ ವಿ 1. ಹಿಪ್ಪುನೇರಳೆಯನ್ನ ಬೀಜದಿಂದ ಅಲ್ಲ, ಕಡ್ಡಿಯಿಂದ ಬೆಳೆಸೋದು. ಅಂದ್ರೆ ಊರಿಗೆ ಊರೇ ಒಂದೇ ಗಿಡದ ನಕಲು, ಐರ್ಲೆಂಡಿನ ಆಲೂಗಡ್ಡೆ ಹಾಗೆ. ಬೇರು ಕೊಳೆ ಈಗಾಗಲೇ ಹಳೇ ತೋಟಗಳನ್ನ ಅಲ್ಲಲ್ಲಿ ತಿಂತಾ ಇದೆ.

ಫೋನಿಗೆ ಎಲ್ಲಾ ಗೊತ್ತಾ?

"ಈಗ ಆ್ಯಪ್ ಇದೆಯಲ್ಲ, ಫೋಟೋ ಹೊಡೆದರೆ ರೋಗ ಹೇಳುತ್ತೆ" ಅಂತ ನನ್ನ ಸಹೋದ್ಯೋಗಿಗಳು ಅಂತಾರೆ. ನಮ್ಮ ವೃತ್ತಿಯ ಕೆಲಸವೇ ಆದ್ದರಿಂದ ಇದನ್ನ ಸ್ವಲ್ಪ ಕೆದಕಿ ನೋಡಿದೀನಿ. 2016ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಪ್ಲಾಂಟ್‌ವಿಲೇಜ್ ಅನ್ನೋ ಸಂಗ್ರಹದ 54,306 ಎಲೆ ಫೋಟೋ ಬಳಸಿ ಕಂಪ್ಯೂಟರಿಗೆ ಕಲಿಸಿದ್ರು. 14 ಬೆಳೆ, 26 ರೋಗ. ಅದೇ ಸಂಗ್ರಹದ ಫೋಟೋಗಳಲ್ಲಿ ಪರೀಕ್ಷಿಸಿದಾಗ ಶೇ 99.35 ಸರಿ ಉತ್ತರ. ಬೇರೆ ಕಡೆ, ಬೇರೆ ಬೆಳಕಲ್ಲಿ ತೆಗೆದ ಫೋಟೋ ಕೊಟ್ಟಾಗ ಸುಮಾರು 31ಕ್ಕೆ ಇಳಿಯಿತು. ಇದನ್ನ ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಆ 14 ಬೆಳೆಯಲ್ಲಿ ಸೇಬು, ಬ್ಲೂಬೆರಿ ಇದೆ. ರಾಗಿ ಇಲ್ಲ, ತೆಂಗಿಲ್ಲ, ಮಾವಿಲ್ಲ, ಹಿಪ್ಪುನೇರಳೆ ಇಲ್ಲ. ಆಮೇಲೆ ತಂತ್ರಜ್ಞಾನ ಬಹಳ ಮುಂದೆ ಬಂದಿದೆ, ಒಪ್ಪೋಣ. ಆದರೂ ಎಲೆಯ ಮೇಲ್ಭಾಗದ ಫೋಟೋದಲ್ಲಿ ಮಡಿಕೆಯೊಳಗಿನ ತಿಗಣೆ ಯಾವ ಮಾಡೆಲ್‌ಗೂ ಕಾಣಲ್ಲ. ಬೇರಿನ ಗಂಟಂತೂ ಮಣ್ಣಿನೊಳಗಿದೆ.

ಹಾಗಾಗಿ ಊರಿಂದ ಮುಂದಿನ ಸಲ ಫೋಟೋ ಬಂದಾಗ, ಎಲೆಯ ಎರಡೂ ಬದಿ ಕೇಳಿ. ಇಡೀ ಗಿಡದ್ದೊಂದು, ಇಡೀ ಹೊಲದ್ದೊಂದು. ರೋಗ ಹೊಲದ ಅಂಚಲ್ಲಿದೆಯಾ, ತಗ್ಗಲ್ಲಿದೆಯಾ, ಅಲ್ಲೊಂದು ಇಲ್ಲೊಂದಾ ಅಂತ ಕೇಳಿ. ತಗ್ಗಲ್ಲಿ ನೀರು ನಿಂತು ಹಳದಿಯಾಗಿದ್ದರೆ ಅದು ಯಾವ ರೋಗಾಣುವಿನದ್ದೂ ಅಲ್ಲದಿರಬಹುದು. ಹೋದ ವಾರ ಅಲ್ಲಿ ಏನು ಹೊಡೆದಿದ್ದರು, ಗೊಬ್ಬರ ಏನು ಹಾಕಿದ್ದರು, ಇದನ್ನೂ ಕೇಳಿ.

ಅನುಮಾನ ಉಳಿದರೆ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿದೆ, ಮಾದರಿ ಒಯ್ಯಬಹುದು. ಪೂರ್ತಿ ಸತ್ತ ಎಲೆ ಬೇಡ, ಅದರ ಮೇಲೆ ಹೆಣ ತಿನ್ನೋ ಶಿಲೀಂಧ್ರಗಳೇ ತುಂಬಿರುತ್ತವೆ. ಅರ್ಧ ಹಸಿರು, ಅರ್ಧ ರೋಗ ಇರೋ ಎಲೆ ತಗೊಳ್ಳಿ, ಕಾರಕ ಸಾಮಾನ್ಯವಾಗಿ ಆ ಗಡಿಯಲ್ಲೇ ಕೆಲಸ ಮಾಡ್ತಿರುತ್ತೆ. ಬಾಡಿದ ಗಿಡವಾದರೆ ಬೇರಿನ ಸಮೇತ, ಒಂದು ಹಿಡಿ ಮಣ್ಣಿನ ಜೊತೆ. ಎಲೆಯನ್ನ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ದಾರಿಯಲ್ಲೇ ಬೆವರಿ ಕೊಳೆಯುತ್ತೆ. ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿ, ಅಂಚಲ್ಲಿ ಊರು, ತಳಿ, ತಾರೀಖು ಬರೆದು, ಬೆಳಿಗ್ಗೆ ಕಿತ್ತಿದ್ದನ್ನ ಅವತ್ತೇ ತಲುಪಿಸಿ.